ಅಜ್ಜನ ಕೊಡೆ

ಒದ್ದೆ ಕೊಡೆಬಟ್ಟೆಯ ವಾಸನೆ ಬಂದರೆ ಇವತ್ತಿಗೂ ನನ್ನ ತೋಳು ನೋಯುತ್ತದೆ.

ನಮ್ಮ ಕಾಫಿ ಎಸ್ಟೇಟಿನಲ್ಲಿ ಬಿಳಿ ದೊರೆ ಎದುರಾದರೆ ಆಳುಗಳು ಮಳೆಯಲ್ಲೂ ಕೊಡೆ ಮಡಚಬೇಕಿತ್ತು. ಮಡಚಲೊಪ್ಪದ ಅಜ್ಜ ಚಳವಳಿ ಸೇರಿದರು, ಜೈಲಿನಿಂದ ಬದುಕಿ ಬರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ದೊರೆ ತೋಟ ಮಾರಿ ಹಡಗು ಹತ್ತಿದ.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ, ಸುರಿವ ಮಳೆಯಲ್ಲಿ ಅಜ್ಜಿ ಅಜ್ಜನ ಕೊಡೆ ಹಿಡಿದು ನನ್ನನ್ನು ಆಳುಗಳ ಮನೆಗಳಿದ್ದ ಲೈನಿಗೆ ಕರೆತರುತ್ತಿದ್ದಳು.

"ಇನ್ ಯಾರ್ ಮುಂದೂ ಮಡ್ಚೋದ್ ಬ್ಯಾಡ ಮಗ," ಎಂದಳು.

ಅಷ್ಟರಲ್ಲಿ ಹೊಸ ಧಣಿಯ ಜೀಪು ಬಂತು. ಒಳಗೆ ಖಾದಿ ಟೋಪಿ ಕಂಡಿತು. ದಾರಿಯ ಎರಡೂ ಬದಿಗೆ ಮುಳ್ಳುತಂತಿಯಿತ್ತು. ಅಜ್ಜಿ ನನ್ನ ತೋಳನ್ನು ಬಿಗಿಯಾಗಿ ಹಿಡಿದು ತಂತಿಗೆ ಒತ್ತಿ ನಿಂತಳು, ಕೊಡೆ ಮಡಚಿದಳು. ಧಣಿ ನಮ್ಮ ಕಡೆ ನೋಡಲೂ ಇಲ್ಲ.

"ಹೋದ್ರಲ್ಲ, ಬಿಚ್ಚಜ್ಜಿ," ಎಂದೆ.

"ಇರು, ತಿರುವು ದಾಟ್ಲಿ."

ಜೀಪಿನ ಸದ್ದು ಪೂರ್ತಿ ಅಡಗಿತು. ಅವಳು ಕೊಡೆ ಬಿಚ್ಚಲಿಲ್ಲ.