ಗಾಜಿನ ಬೀರುವಿನ ಅಡ್ಡಿಕೆ

"ತೆಗಿ ಕೈನ!"

ಅಣ್ಣನ ಕೂಗಿಗೆ ಕೌಸಲ್ಯಾಳ ಕೈ ಗಾಜಿನ ಬೀರುವಿನೊಳಗೇ ನಿಂತಿತು. ಬೆರಳುಗಳು ಕೊರಳಿಗೆ ಕಟ್ಟುವ ಚಿನ್ನದ ಅಡ್ಡಿಕೆಯ ಮೇಲಿದ್ದವು. ಅವಳು ತೆಗೆಯಲಿಲ್ಲ.

"ಕಳ್ಳತನ ಬೇರೆ ಕಲಿತೆಯಾ?"

"ನನ್ನ ಒಡವೆ ನಾನು ತಗೊಂಡ್ರೆ ಅದು ಕಳ್ಳತನವಾ ಅಣ್ಣ?"

ಸತ್ಯಮೂರ್ತಿ ತಂಗಿಯ ಮಣಿಕಟ್ಟು ಹಿಡಿದು ಈಚೆಗೆಳೆದ. ಬೀರುವಿಗೆ ಬೀಗ ಹಾಕಿ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡ.

ದಾದರಿನ ಆ ಬಿಲ್ಡಿಂಗಿನ ಮೂರನೇ ಮಾಳಿಗೆಯ ಮನೆಯಲ್ಲಿ ಮನುಷ್ಯರಿಗಿಂತ ಒಡವೆಗಳಿಗೆ ಜಾಗ ಹೆಚ್ಚು. ಜಾಂಜಿಬಾರಿನ ಬೆಳ್ಳಿ ಕಡಗ, ಯೆಮನ್ನಿನ ಹವಳದ ಹಾರ, ಮಸ್ಕತ್ತಿನ ಕಾಲಂದುಗೆ, ಟಿಬೆಟ್ಟಿನ ಹಸಿರುಕಲ್ಲಿನ ಪದಕ. ಒಂದೊಂದರ ಕೆಳಗೂ ಸತ್ಯಮೂರ್ತಿಯ ಮುದ್ದಾದ ಅಕ್ಷರದ ಚೀಟಿ. ಅವುಗಳ ನಡುವೆ ಕೌಸಲ್ಯಾಳ ಅಡ್ಡಿಕೆ. ಅದಕ್ಕೂ ಚೀಟಿ: 'ಮೈಸೂರು ಸೀಮೆಯ ಮದುಮಗಳ ಕಂಠಾಭರಣ.' ಆ ಮದುಮಗಳೇ ದಿನಾ ಬೆಳಿಗ್ಗೆ ಆ ಗಾಜು ಒರೆಸಬೇಕು.

ಮದುವೆಯಾದ ಮರುವರ್ಷವೇ ಅವಳ ಗಂಡ ರಮಾನಾಥ ಕೆಲಸಕ್ಕೆಂದು ಮೊಂಬಾಸಾಕ್ಕೆ ಹೋಗಿದ್ದ. ಮನೆ ಸಿಕ್ಕಿದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿದ್ದ. ಕರೆ ಬರಲಿಲ್ಲ. ವಿಷಮಜ್ವರದಲ್ಲಿ ಹೋಗಿಬಿಟ್ಟನೆಂಬ ಸುದ್ದಿ ಬಂತು. ಆ ಸುದ್ದಿ ತಂದವನು ಸತ್ಯಮೂರ್ತಿಯೇ. ಹಡಗು ಕಂಪನಿಯೊಂದರಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವನಿಗೆ ಆಫೀಸಿಗೇ ತಂತಿ ಬಂದಿತ್ತಂತೆ. ಬಳೆ ಒಡೆದರು, ಕುಂಕುಮ ಅಳಿಸಿದರು. ಅಡ್ಡಿಕೆಯನ್ನು ಅಣ್ಣ ತಾನೇ ಬಿಚ್ಚಿ ತೆಗೆದಿಟ್ಟ.

ಅವನಿಗೆ ಈ ಒಡವೆ ಕೂಡಿಸುವ ಹವ್ಯಾಸ ಹತ್ತಿದ್ದೂ ಆಮೇಲೆಯೇ. "ಭಾವ ಹೋದ ಸಂಕಟ ಮರೆಯೋದಕ್ಕೆ ಏನಾದರೂ ಬೇಡವೇ, ಪಾಪ," ಎನ್ನುತ್ತಿದ್ದಳು ಅತ್ತಿಗೆ ವನಮಾಲಾ. ಸಂಕಟ ದೊಡ್ಡದೇ ಇರಬೇಕು. ರಮಾನಾಥನ ತಿಥಿಯ ಮಾತೆತ್ತಿದರೆ ಸತ್ಯಮೂರ್ತಿ ಎದ್ದುಹೋಗುತ್ತಿದ್ದ, ಒಂದು ವರ್ಷವೂ ಮಾಡಿಸಿರಲಿಲ್ಲ. ಆಫ್ರಿಕಾದ ಹಡಗು ಬಂದ ದಿನ ಮಾತ್ರ ಕೆಲಸ ಬಿಟ್ಟು ಬಂದರಿಗೆ ಓಡುತ್ತಿದ್ದ. ಜವಾನನನ್ನೂ ಕಳಿಸುತ್ತಿರಲಿಲ್ಲ. ತಾನೇ ಹೋಗಿ ಒಡವೆಯ ಪೊಟ್ಟಣ ತರಬೇಕು.

"ಅಡ್ಡಿಕೆ ಮಾರಿ ಟೀಚರ್ ಟ್ರೈನಿಂಗ್ ಸೇರ್ತೀನಿ," ಎಂದಳು ಕೌಸಲ್ಯಾ, ಕೆಂಪಾದ ಮಣಿಕಟ್ಟು ಉಜ್ಜಿಕೊಳ್ಳುತ್ತ. "ನಿನ್ನ ಅನ್ನ ತಿಂದದ್ದು ಸಾಕು."

"ಗಂಡ ಸತ್ತವಳಿಗೆ ಒಡವೆ ಯಾಕೆ, ಓದು ಯಾಕೆ? ಸಾಯಂಕಾಲ ದೊಡ್ಡ ದೊಡ್ಡವರು ಬರ್ತಾರೆ. ಕಾಫಿ ಮಾಡು, ಕೊಡು, ಒಳಗೆ ಹೋಗು. ಬಾಯಿ ಬಿಡಬೇಡ."

ಸಾಯಂಕಾಲ ಬಂದವರು ಕಲಾಸಂಘದ ಕೆಲವು ಗಂಡಸರು ಮತ್ತು ಅವರ ಅಧ್ಯಕ್ಷೆ, ಒಬ್ಬ ಪಾರ್ಸಿ ಮಹಿಳೆ. ಸತ್ಯಮೂರ್ತಿ ಇಂಗ್ಲಿಷಿನಲ್ಲಿ ಅರಳಿದ. ಒಂದು ಜೊತೆ ಕಾಲಂದುಗೆ ಎತ್ತಿ ಹಿಡಿದು, ಗಂಡ ಸತ್ತ ದಿನವೇ ಆ ನಾಡಿನ ಹೆಂಗಸು ಇದನ್ನು ಬಿಚ್ಚಿಕೊಡಬೇಕಾಗುತ್ತದೆ, ಮತ್ತೆ ಜನ್ಮದಲ್ಲಿ ತೊಡುವಂತಿಲ್ಲ ಎಂದು ವಿವರಿಸಿದ. ಎಂಥ ಕ್ರೂರ ಜನ ನೋಡಿ, ಎಂದ.

"ಅಯ್ಯೋ, ಬಡಪಾಯಿಗಳು!" ಎಂದು ಪಾರ್ಸಿ ಮಹಿಳೆ ಕಣ್ಣೊರೆಸಿಕೊಂಡಳು.

ಕಾಫಿ ತಟ್ಟೆ ಹಿಡಿದು ನಿಂತಿದ್ದ ಕೌಸಲ್ಯಾ ಮೆಟ್ರಿಕ್ ಮುಗಿಸಿದವಳು. ಅಷ್ಟು ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿತ್ತು. ಇಲ್ಲೂ ಹಾಗೇ, ಆ ಕೊರಳಿನ ಒಡವೆ ನನ್ನದು ಎಂದು ಬಂದ ಹಿಂದಿಯಲ್ಲೇ ಹೇಳಿದಳು:

"ಇಧರ್ ಭೀ ವೈಸಾಹಿ ಹೈ, ಬಾಯಿ. ವೋ ಗಲೇವಾಲಾ ಮೇರಾ ಹೈ."

ಎಲ್ಲರ ಕಣ್ಣು ಅಡ್ಡಿಕೆಯ ಕಡೆ ತಿರುಗಿ, ಅಲ್ಲಿಂದ ಅವಳ ಬರಿಗೊರಳಿಗೆ ಬಂತು. ಸತ್ಯಮೂರ್ತಿ ನಗುತ್ತಲೇ ಹತ್ತಿರ ಬಂದು ಕನ್ನಡದಲ್ಲಿ ಹಲ್ಲು ಕಡಿದ.

"ಮಾನ ಕಳೆದೆಯಲ್ಲೇ! ಅವತ್ತೇ ನೀನೂ ಅವನ ಹಿಂದೆ ಹೋಗಿದ್ರೆ ಪೀಡೆ ತೊಲಗ್ತಿತ್ತು."

"ಹಡಗು ಹತ್ತಿಸು ಅಂತ ಕಾಲು ಹಿಡಿದಿದ್ದೆ. ತಡೆದವನು ನೀನು. ಹತ್ತಿರ ಇದ್ದಿದ್ರೆ ಶುಶ್ರೂಷೆ ಮಾಡಿ ಉಳಿಸ್ಕೊಳ್ತಿದ್ದೆ."

"ಬೆಳಗಾಗಲಿ, ಊರಿಗೆ ಅಟ್ತೀನಿ ನಿನ್ನ. ಚಿಕ್ಕಪ್ಪನ ಕೊಟ್ಟಿಗೆ ಬಾಚ್ಕೊಂಡು ಬಿದ್ದಿರು."

ಅಷ್ಟರಲ್ಲಿ ಕದ ತಟ್ಟಿದ ಸದ್ದಾಯಿತು. ವನಮಾಲಾ ತೆಗೆದಳು. ಬಿಳಿ ಸಮವಸ್ತ್ರದ ಸ್ಥೂಲಕಾಯರೊಬ್ಬರು ಮೆಟ್ಟಿಲು ಹತ್ತಿದ ದಣಿವಿಗೆ ಏದುಸಿರು ಬಿಡುತ್ತ ನಿಂತಿದ್ದರು. ಕೈಯಲ್ಲಿ ಒಂದು ಪೊಟ್ಟಣ.

"ಸತ್ಯಮೂರ್ತಿಗಳ ಮನೆ ಇದೇ ತಾನೆ? ನಾನು ಶಾಮಣ್ಣ ಅಂತ, ಆಫ್ರಿಕಾ ಹಡಗಿನ ಡಾಕ್ಟರು. ಈ ಸಲ ಹೊಸದಾಗಿ ಸೇರಿದೆ. ಹಡಗು ಒಂದು ದಿನ ಮುಂಚೆಯೇ ಬಂತು. ಬಂದರಲ್ಲಿ ಕಾದೆ, ನೀವು ಬರಲಿಲ್ಲ. ವಿಳಾಸ ಹುಡುಕ್ಕೊಂಡು ಬಂದ್ಬಿಟ್ಟೆ."

ಸತ್ಯಮೂರ್ತಿಯ ಮುಖ ಬಿಳಿಚಿತು. "ಆಫೀಸಿನಲ್ಲಿ ಕೊಟ್ಟಿದ್ರೆ ಆಗ್ತಿತ್ತು. ಬನ್ನಿ, ಬನ್ನಿ, ಹೊರಗೆ ಮಾತಾಡೋಣ."

"ಸ್ವಲ್ಪ ಉಸಿರಾಡ್ಲಿಕ್ಕೆ ಬಿಡಿ ಸ್ವಾಮಿ!" ಡಾಕ್ಟರು ಕುರ್ಚಿಯಲ್ಲಿ ಕುಕ್ಕರಿಸಿ, ಕೌಸಲ್ಯಾಳ ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡರು. "ಆಹಾ, ನಮ್ಮ ಕಡೆ ಕಾಫಿ!"

"ನೀನು ಒಳಗೆ ನಡಿ," ಎಂದ ಸತ್ಯಮೂರ್ತಿ.

ಒಳಗೆ ನಡಿ ಎಂಬ ಮಾತು ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಇವತ್ತು ಹೋಗುವುದಿಲ್ಲ. ಅಣ್ಣನನ್ನು ಕೆಣಕಲೆಂದೇ ಅವಳು ಡಾಕ್ಟರ ಎದುರಿಗೆ ಬಂದು ನಿಂತಳು.

"ಈ ಒಡವೆಗಳನ್ನ ಅಲ್ಲಿಂದ ಕಳಿಸೋರು ಯಾರು, ಡಾಕ್ಟ್ರೇ?"

"ನಿಮಗೆ ಗೊತ್ತಿಲ್ವೇನಮ್ಮ? ಇವರ ಭಾವ, ಮೊಂಬಾಸಾದ ರಮಾನಾಥರಾಯರು. ಹಡಗು ತೋರಿಸೋಕೆ ಅಂತ ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬಂದಿದ್ರು."