ಸೋಯಾ ಅವರೆಯ ಎಡೆ

ಎಡೆಯ ಎಲೆಯಲ್ಲಿ ಮುದ್ದೆಯ ಪಕ್ಕಕ್ಕೆ ಸೋಯಾ ಅವರೆ ಬಡಿಸಿದ ಜೋಗಮ್ಮ, ಒಂದು ಕಾಳನ್ನು ಬೆರಳಲ್ಲಿ ಅದುಮಿ ನೋಡಿದಳು. ಹಿಂದಿನ ಸಂಜೆಯೇ ನೆನೆಹಾಕಿ, ಬೆಳಗಿನಿಂದ ಒಂದು ಹೊರೆ ಸೌದೆ ಉರಿಸಿದ್ದರೂ ಕಾಳು ಗಟ್ಟಿಯಾಗೇ ಇತ್ತು. ಅತ್ತೆ ಜವರಿ ಸತ್ತು ಅಂದಿಗೆ ಹನ್ನೊಂದು ದಿನ. ಸತ್ತವರು ಆಸೆಪಟ್ಟಿದ್ದನ್ನು ಎಡೆಗೆ ಇಡಲೇಬೇಕು.

ತಿಂಗಳ ಹಿಂದೆ, ಹಿತ್ತಲಲ್ಲಿ ಕಾಯಿ ಇನ್ನೂ ಹಸಿರಾಗಿದ್ದಾಗ ಅತ್ತೆ ಕೇಳಿದ್ದಳು: "ಅಸೀದೇ ಒಂದು ಹಿಡಿ ಬೇಯ್ಸ್‌ಕೊಡು ಮಗಾ, ಎರಡು ಕುದಿಗೇ ಮೆತ್ತಗಾಯ್ತದೆ. ಬಲಿತ್ರೆ ಈ ಬೋಳು ಒಸಡಲ್ಲಿ ಅಗಿಯಾಕಾಗಕಿಲ್ಲ."

"ಎಳೇದ್ರಲ್ಲಿ ಬರೀ ನೀರು ಕಣತ್ತೆ. ಒಣಗಿದ ಕಾಳಲ್ಲೇ ಕಸುವು ಜಾಸ್ತಿ ಅಂತ ಬೀಜ ಕೊಟ್ಟ ಗ್ರಾಮಸೇವಕ್ರು ಹೇಳವ್ರೆ. ನಿನ್ ಮೈಗೆ ಕಸುವು ಬರ್ಲಿ ಅಂತಾನೇ ಕಾಯ್ತಾ ಇವ್ನಿ," ಅಂದಿದ್ದಳು ಜೋಗಮ್ಮ.

ಗಂಡ ಕೆಂಚ ಧೂಪ ಹಾಕಿ ಎದ್ದ. "ಬುಡು, ಸಾಕು. ಈಚೆಗೆ ಬಾ, ಕದ ಮುಚ್ಚಾನ. ಅವ್ವ ಬಂದು ಉಣ್ಲಿ."

ಜೋಗಮ್ಮ ಕದಲಲಿಲ್ಲ. ಎಲೆಯಲ್ಲಿದ್ದ ಕಾಳನ್ನೆಲ್ಲ ಬಾಚಿ ಬಾಯಿಗೆ ಹಾಕಿಕೊಂಡಳು.

"ಲೇ, ಎಡೆ ಎಂಜಲು ಮಾಡ್ಬುಟ್ಯಲ್ಲೇ!" ಕೆಂಚ ಕೂಗಿದ.

ಅವಳು ಅಗಿದಳು, ನುಂಗಲಿಲ್ಲ. ದವಡೆ ನೋಯುವವರೆಗೂ ಅಗಿದು, ನುಣ್ಣಗಾದದ್ದನ್ನು ಅಂಗೈಗೆ ತೆಗೆದು, ಕೂಸಿಗೆ ಇಡುವಂತೆ ಪುಟ್ಟ ತುತ್ತು ಮಾಡಿ ಮತ್ತೆ ಎಲೆಯ ಮೇಲಿಟ್ಟಳು.

"ಈಗ ಮುಚ್ಚು ಕದ," ಅಂದಳು.