ಒಂದೇ ಕುರ್ಚಿಯಲ್ಲಿ ಬೀಗರು

ಕೋಲಾರದ ಕಡೆಯ ಕರಡಿಬೆಟ್ಟದಲ್ಲಿ ಹಿಮ ಬೀಳತೊಡಗಿ ಮೂವತ್ತು ವರ್ಷವಾಗಿತ್ತು. ಅಲ್ಲಿ ಜನರನ್ನು ಹತ್ತಿಸಿ ಇಳಿಸುವ, ತಂತಿಗೆ ತೂಗುಹಾಕಿದ ಕುರ್ಚಿಗಳ ಲಿಫ್ಟ್ ಅದಕ್ಕಿಂತಲೂ ಹಳೆಯದು. ಸ್ವಿಟ್ಜರ್ಲೆಂಡಿನಲ್ಲಿ ಹಿಮ ನಿಂತುಹೋದಾಗ ಬಿಚ್ಚಿ ತಂದದ್ದು. ಬೆಟ್ಟದ ಬುಡದಲ್ಲಿ ಕೂತು ಅದನ್ನು ನಡೆಸುತ್ತಿದ್ದವಳು ಪಿಳ್ಳಮ್ಮ.

ಆ ಬೆಳಿಗ್ಗೆ ಅವಳ ಮಗಳ ಮದುವೆಯ ಮಾತುಕತೆ ಮೇಲಿನ ಹೋಟೆಲಿನಲ್ಲಿ ಮುರಿದುಬಿತ್ತೆಂದು ಫೋನು ಬಂತು. ಗಂಡು ಹಿಮದ ಹಲಗೆಯ ಮೇಲೆ ಜಾರಿಕೊಂಡೇ ಮಂಟಪಕ್ಕೆ ಬರಬೇಕು, ಅದು ತಮ್ಮ ಮನೆತನದ ಪದ್ಧತಿ ಎಂದು ಗಂಡಿನ ತಂದೆ ವೇಮಣ್ಣನ ಹಟ. ಕುದುರೆಯೇ ಆಗಬೇಕೆಂದು ಪಿಳ್ಳಮ್ಮನ ಗಂಡ ಚೌಡಪ್ಪನ ಹಟ. ಇಳಿಯಲು ಖಾಲಿಯಿದ್ದದ್ದು ಒಂದೇ ಕುರ್ಚಿ. ಬೀಗರಿಬ್ಬರೂ ಅದರಲ್ಲೇ ಮುಖ ತಿರುಗಿಸಿಕೊಂಡು ಕೂತರು.

ಅರ್ಧ ದಾರಿಯಲ್ಲಿ ಲಿಫ್ಟ್ ಎಂದಿನಂತೆ ಗರಗರ ಎಂದು ನಿಂತಿತು. ಚಕ್ರಕ್ಕೆ ಒಂದೇಟು ಹಾಕಿದರೆ ಹೊರಡುತ್ತಿತ್ತು. ಸುತ್ತಿಗೆ ಎತ್ತಿದ ಪಿಳ್ಳಮ್ಮ ಮೇಲೆ ನೋಡಿದಳು, ಮತ್ತೆ ಕೆಳಗಿಟ್ಟಳು.

“ಏನಾಯ್ತೇ?” ಎಂದು ಚೌಡಪ್ಪ ಕೂಗಿದ.

“ಚಕ್ರ ಹಿಡ್ಕೊಂಡೈತೆ. ಒಸಿ ಹೊತ್ತಾಯ್ತದೆ, ಮಾತಾಡ್ತಾ ಇರಿ.”

ಅವಳು ಕಾಫಿ ಹೀರುತ್ತ ಕಾದಳು. ಮೊದಲು ಬೈಗುಳ ಕೇಳಿಸಿತು, ಆಮೇಲೆ ಸೀನು. ಕಾಲು ಗಂಟೆ ಕಳೆಯುವಷ್ಟರಲ್ಲಿ ಚೌಡಪ್ಪನ ಕಂಬಳಿಯೊಳಗೆ ಎರಡು ತಲೆ ಕಂಡವು. ಆಗ ಚಕ್ರಕ್ಕೆ ಹೊಡೆದಳು.

ಕೆಳಗಿಳಿದ ವೇಮಣ್ಣನ ಹಲ್ಲು ಕಟಕಟ ಎನ್ನುತ್ತಿತ್ತು. “ಒಪ್ಕೊಂಡ್ವಿ ಕಣಮ್ಮ. ಕುದುರೇನೂ ಬ್ಯಾಡ, ಹಲಗೇನೂ ಬ್ಯಾಡ. ನನ್ನ ಮಗ ಈ ಕುರ್ಚೀಲೇ ಬರ್ತಾನೆ.”

ಪಿಳ್ಳಮ್ಮನ ಕಣ್ಣು ತುಂಬಿತು.

“ಆದ್ರೆ ಅವತ್ತು ಇಲ್ಲಿ ಬೇರೆ ಯಾರನ್ನಾದ್ರೂ ಕೂರಿಸಮ್ಮ,” ಎಂದ ವೇಮಣ್ಣ. “ಮುಹೂರ್ತ ಮೀರೋಯ್ತದೆ.”